ದೂರದ ಪ್ರಯಾಣಕ್ಕೆ ಗಟ್ಟಿ ಪೆಟ್ಟಿಗೆ, ಗಟ್ಟಿ ಚೀಲ



ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ನಮ್ಮ ಹಳ್ಳಿಗಳಲ್ಲಿ ಪ್ರಯಾಣದ ಕಾಲ ಬಂದಂತೆ. ಕೆಲವರು ಧರ್ಮಸ್ಥಳಕ್ಕೋ ಪಂಢರಪುರಕ್ಕೋ ಕಾಶಿಗೋ ಯಾತ್ರೆ ಹೊರಡುತ್ತಾರೆ. ಕೆಲವರು ಮಕ್ಕಳನ್ನು ಪಟ್ಟಣದ ಹಾಸ್ಟೆಲಿಗೆ ಬಿಟ್ಟು ಬರುತ್ತಾರೆ. ಮಳೆ ಕೈಕೊಟ್ಟ ವರ್ಷ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಎಷ್ಟೋ ಸಂಸಾರಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ದುಡಿಮೆಗೆ ಹೋಗಿ ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತವೆ.

ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಆದರೆ ಪ್ರಯಾಣದ ಚೀಲವನ್ನು ಮಾತ್ರ ಸಂತೆಯಲ್ಲಿ ಬಣ್ಣ ನೋಡಿ ಐದೇ ನಿಮಿಷದಲ್ಲಿ ಕೊಂಡುಬಿಡುತ್ತೇವೆ. ಇದರಿಂದ ಆಗುವ ತೊಂದರೆ ಸಣ್ಣದಲ್ಲ.

ಹಿರಿಯರೊಬ್ಬರು ಮನೆಯಾಕೆಯೊಡನೆ ಊರಿಗೆ ಮರಳುತ್ತಿದ್ದರು. ನಡುದಾರಿಯಲ್ಲಿ ರೈಲು ಬದಲಿಸಬೇಕಾಗಿತ್ತು. ಗಾಡಿ ಹತ್ತುವ ಹೊತ್ತಿಗೆ ಚೀಲದ ಹಿಡಿ ಕಿತ್ತುಹೋಯಿತು. ಬಿದ್ದ ಸಾಮಾನು ಆಯುತ್ತ ಆಕೆ ಪ್ಲಾಟ್‌ಫಾರಂ ಮೇಲೆ ಉಳಿದರು. ಒಳಗೆ ಹತ್ತಿದ್ದ ಯಜಮಾನರನ್ನು ಹೊತ್ತು ಗಾಡಿ ಹೊರಟೇಹೋಯಿತು. ಅವರ ರಕ್ತದೊತ್ತಡದ ಮಾತ್ರೆ, ಇಬ್ಬರ ಟಿಕೆಟ್ಟು, ಪಡಿತರ ಚೀಟಿ ಎಲ್ಲವೂ ಕೆಳಗುಳಿದ ಚೀಲದಲ್ಲಿಯೇ ಇದ್ದವು. ಇಬ್ಬರೂ ಮತ್ತೆ ಕೂಡಿದ್ದು ಮರುದಿನ ಮಧ್ಯಾಹ್ನ. ಕಿತ್ತದ್ದು ಬೆರಳುದ್ದದ ಹೊಲಿಗೆ ಮಾತ್ರ! ಆದುದರಿಂದ ಚೀಲ, ಪೆಟ್ಟಿಗೆಗಳನ್ನು ಆರಿಸುವ ಬಗೆಯನ್ನು ಇಲ್ಲಿ ವಿವರಿಸಿದೆ.

1. ಪ್ರಯಾಣಕ್ಕೆ ತಕ್ಕ ಸಾಧನ

ಎಲ್ಲ ಪ್ರಯಾಣಕ್ಕೂ ಒಂದೇ ಚೀಲ ಒಗ್ಗದು. ತಿಂಗಳುಗಟ್ಟಲೆ ಒಂದೇ ಕಡೆ ಇರುವವರಿಗೆ ತಗಡಿನ ಟ್ರಂಕು ಈಗಲೂ ಒಳ್ಳೆಯದು. ಇಲಿ ಕಡಿಯದು, ಬೀಗ ಬೀಳುತ್ತದೆ, ಗುಡಿಸಿಲಲ್ಲಿ ಅದೇ ಕಪಾಟು. ಹಾಸ್ಟೆಲಿನ ಮಕ್ಕಳಿಗೂ ಇದೇ ಮೇಲು. ಆದರೆ ಅದು ಭಾರ. ದಿನಕ್ಕೊಂದು ಊರು ತಿರುಗುವ ಯಾತ್ರಿಕರಿಗೆ ತಕ್ಕುದಲ್ಲ. ಅಂಥವರಿಗೆ ಬೆನ್ನಿಗೆ ಹಾಕುವ ಗಟ್ಟಿ ಬಟ್ಟೆಯ ಚೀಲ ಲೇಸು. ಎರಡು ಕೈಯೂ ಬಿಡುವಾಗಿರುತ್ತವೆ, ಮೆಟ್ಟಿಲು ಹತ್ತುವುದು ಸುಲಭ. ಗಾಲಿಯ ಸೂಟ್‌ಕೇಸು ನುಣುಪು ನೆಲವಿರುವ ಕಡೆಗೆ ಸರಿ.

2. ತೂಕ ಮತ್ತು ಅಳತೆ

ರೈಲಿನಲ್ಲಿ ಪ್ರತಿ ಪ್ರಯಾಣಿಕನೂ ಬಿಟ್ಟಿಯಾಗಿ ಒಯ್ಯಬಹುದಾದ ಸಾಮಾನಿಗೆ ಮಿತಿಯುಂಟು. ಎರಡನೆಯ ದರ್ಜೆಯಲ್ಲಿ 35 ಕಿಲೋ, ಸ್ಲೀಪರಿನಲ್ಲಿ 40 ಕಿಲೋ. ಪೆಟ್ಟಿಗೆಯ ಅಳತೆ 100 ಸೆಂಟಿಮೀಟರ್ ಉದ್ದ, 60 ಅಗಲ, 25 ಎತ್ತರವನ್ನು ಮೀರಬಾರದು. ಬರಿದಾದ ಪೆಟ್ಟಿಗೆಯೇ 8 ಕಿಲೋ ಇದ್ದರೆ ಎರಡನೆಯ ದರ್ಜೆಯಲ್ಲಿ ಸಾಮಾನಿಗೆ ಉಳಿಯುವುದು 27 ಕಿಲೋ ಮಾತ್ರ. ಆದುದರಿಂದ ಕೊಳ್ಳುವ ಮೊದಲು ಬರಿ ಪೆಟ್ಟಿಗೆಯನ್ನು ಎತ್ತಿ ನೋಡಿ. ಹೆಂಗಸರೂ ವಯಸ್ಸಾದವರೂ ತಾವೇ ಎತ್ತಲಾರದಷ್ಟು ಭಾರದ ಒಂದು ಗಂಟಿಗಿಂತ ಹಗುರವಾದ ಎರಡು ಗಂಟುಗಳು ಮೇಲು.

3. ಬಟ್ಟೆ ಮತ್ತು ಪ್ಲಾಸ್ಟಿಕ್

ಚೀಲದ ಚೀಟಿಯ ಮೇಲೆ ‘ಡೆನಿಯರ್’ ಎಂದು ಬರೆದಿರುತ್ತದೆ. ಇದು ನೂಲಿನ ದಪ್ಪದ ಲೆಕ್ಕ. 600 ಡೆನಿಯರ್ ಎಂದರೆ 9,000 ಮೀಟರ್ ನೂಲಿನ ತೂಕ 600 ಗ್ರಾಂ ಎಂದು ಅರ್ಥ. ಒಂದೇ ಜಾತಿಯ ಬಟ್ಟೆಯಲ್ಲಿ ಅಂಕಿ ಹೆಚ್ಚಿದಷ್ಟೂ ನೂಲು ದಪ್ಪ. ಪಾಲಿಯೆಸ್ಟರಿಗಿಂತ ಅಷ್ಟೇ ದಪ್ಪದ ನೈಲಾನು ಸವೆತವನ್ನು ಹೆಚ್ಚು ತಡೆಯುತ್ತದೆ.

ಗಟ್ಟಿ ಸೂಟ್‌ಕೇಸುಗಳಲ್ಲಿ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ ಅಗ್ಗ. ಆದರೆ ಜೋರಾದ ಪೆಟ್ಟಿಗೆ ಬಿರುಕು ಬಿಡುವುದುಂಟು. ಪಾಲಿಕಾರ್ಬನೇಟ್ ಮತ್ತು ಪಾಲಿಪ್ರೊಪಿಲೀನ್ ಬಗ್ಗಿ ಮತ್ತೆ ಮೊದಲಿನಂತಾಗುತ್ತವೆ. ಮುಚ್ಚಳವನ್ನು ಅಂಗೈಯಿಂದ ಒತ್ತಿ ನೋಡಿ. ಬಗ್ಗಿ ಎದ್ದರೆ ಒಳ್ಳೆಯದು. ಕಟಕಟ ಎಂದರೆ ಬೇಡ.

4. ಹಿಡಿ, ಹೊಲಿಗೆ, ಜಿಪ್ಪು

ಚೀಲ ಸಾಮಾನ್ಯವಾಗಿ ನಡುವೆ ಹರಿಯುವುದಿಲ್ಲ. ಹಿಡಿಯ ಬುಡದಲ್ಲಿ ಕೀಳುತ್ತದೆ. ಹಿಡಿಯ ಪಟ್ಟಿ ಚೀಲದ ತಳದ ಕೆಳಗೆ ಸುತ್ತಿ ಬಂದಿದ್ದರೆ ಭಾರವನ್ನೆಲ್ಲ ಪಟ್ಟಿಯೇ ಹೊರುತ್ತದೆ. ಬರಿದೇ ಮೇಲಂಚಿಗೆ ಹೊಲಿದಿದ್ದರೆ ಭಾರವೆಲ್ಲ ನಾಲ್ಕು ಎಳೆ ದಾರದ ಮೇಲೆ ಬೀಳುತ್ತದೆ. ಜೋಡಣೆಯ ಜಾಗದಲ್ಲಿ ಚೌಕವಾಗಿ ಹೊಲಿದು ಅದರೊಳಗೆ ಕತ್ತರಿ ಗುರುತಿನ ಹೊಲಿಗೆ ಹಾಕಿರಬೇಕು.

ಜಿಪ್ಪನ್ನು ಹತ್ತು ಸಲ ಎಳೆದು ನೋಡಿ. ಮೂಲೆಯಲ್ಲಿ ತಡೆದರೆ ಆ ಚೀಲವನ್ನು ಬಿಡಿ. ಮನೆಗೆ ತಂದ ಮೇಲೆ 15 ಕಿಲೋ ರಾಗಿ ತುಂಬಿ ಒಂದು ರಾತ್ರಿ ತೊಲೆಗೆ ತೂಗುಹಾಕಿರಿ. ಬೆಳಗ್ಗೆ ಹೊಲಿಗೆ ಬಾಯಿಬಿಟ್ಟಿದ್ದರೆ ಅಂಗಡಿಗೆ ಹಿಂತಿರುಗಿಸಬಹುದು. ಇದಕ್ಕಾಗಿ ರಸೀತಿಯನ್ನೂ ಗ್ಯಾರಂಟಿ ಚೀಟಿಯನ್ನೂ ಕೇಳಿ ಪಡೆಯಿರಿ.

5. ಗಾಲಿ

ಗಾಡಿ ಬಲ್ಲವರಿಗೆ ಗಾಲಿಯ ವಿಷಯ ಹೇಳಬೇಕಾಗಿಲ್ಲ. ನಾಲ್ಕು ಗಾಲಿಯ ಸೂಟ್‌ಕೇಸು ನುಣುಪು ನೆಲದಲ್ಲಿ ಬೆರಳಿನಿಂದ ತಳ್ಳಿದರೂ ಓಡುತ್ತದೆ. ಆದರೆ ರೈಲು ಅಲುಗಿದಾಗ ತಾನಾಗಿಯೇ ಉರುಳುತ್ತದೆ, ಕಲ್ಲುಮಣ್ಣಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಹಳ್ಳಿಯ ದಾರಿಗೆ ದೊಡ್ಡದಾದ ಎರಡು ಗಾಲಿಯದೇ ಸರಿ. ಗಾಲಿಯನ್ನು ತಿರುಪಿನಿಂದ ಕೂರಿಸಿದ್ದರೆ ಸವೆದಾಗ ಬದಲಿಸುವುದು ಸುಲಭ. ರಿವೆಟ್ಟಿನಿಂದ ಬಡಿದಿದ್ದರೆ ಕಷ್ಟ.

6. ಬೀಗ ಮತ್ತು ಕಾಯಿದೆ

ಅನೇಕರು ರೈಲಿನಲ್ಲಿ ಸಾಮಾನು ಕಳೆದರೆ ರೈಲ್ವೆಯವರೇ ತುಂಬಿಕೊಡುತ್ತಾರೆಂದು ತಿಳಿದಿದ್ದಾರೆ. 1989ರ ರೈಲ್ವೆ ಕಾಯಿದೆಯ 100ನೆಯ ಪ್ರಕರಣದ ಪ್ರಕಾರ, ಬುಕ್ ಮಾಡಿ ರಸೀತಿ ಪಡೆಯದ ಸಾಮಾನಿಗೆ ರೈಲ್ವೆ ಹೊಣೆಯಲ್ಲ. ನಮ್ಮ ವಶದಲ್ಲಿಯೇ ಒಯ್ಯುವ ಸಾಮಾನು ಕಳೆದರೆ, ಅದಕ್ಕೆ ರೈಲ್ವೆಯ ಅಥವಾ ಅದರ ನೌಕರರ ಅಲಕ್ಷ್ಯವೋ ತಪ್ಪು ನಡತೆಯೋ ಕಾರಣವೆಂದು ರುಜುವಾತಾಗಬೇಕು. ಆದುದರಿಂದ ಸರಪಣಿಯೊಂದನ್ನು ಕೊಂಡು, ಪೆಟ್ಟಿಗೆಯನ್ನು ಸೀಟಿನ ಕೆಳಗಣ ಬಳೆಗೆ ಬಿಗಿದು ಬೀಗ ಹಾಕಿ. ಸುರುಳಿ ಜಿಪ್ಪನ್ನು ಪೆನ್ನಿನ ಮೊನೆಯಿಂದಲೂ ಬಿಡಿಸಬಹುದಾದ್ದರಿಂದ ಜಿಪ್ಪಿಗೆ ಹಾಕಿದ ಬೀಗವನ್ನೇ ನಂಬಿ ಹಣ, ಒಡವೆ ಇಡಬಾರದು. ಕಳವಾದರೆ ಕೂಡಲೇ 139ಕ್ಕೆ ಫೋನು ಮಾಡಿ.

7. ತುಂಬುವ ಕ್ರಮ

ಭಾರದ ವಸ್ತು ತಳದಲ್ಲಿ, ಗಾಲಿಯ ಬಳಿ ಇರಲಿ. ಬೆನ್ನಿನ ಚೀಲದಲ್ಲಾದರೆ ಬೆನ್ನಿಗೆ ತಾಗುವಂತೆ ಇಡಿ. ಹಣ, ಗುರುತಿನ ಚೀಟಿ, ಟಿಕೆಟ್ಟು, ಔಷಧಿ ಇವು ದೊಡ್ಡ ಚೀಲಕ್ಕೆ ಸೇರತಕ್ಕವಲ್ಲ. ಮೈಮೇಲಿನ ಸಣ್ಣ ಚೀಲದಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಇರಲಿ. ಗಂಡಹೆಂಡಿರು ಹೊರಟಾಗ ಅವರವರ ಟಿಕೆಟ್ಟು, ಸ್ವಲ್ಪ ಹಣ ಅವರವರ ಬಳಿ ಇರಬೇಕು. ಚೀಲದ ಹೊರಗೂ ಒಳಗೂ ಹೆಸರು, ಫೋನು ನಂಬರು ಬರೆದಿಡಿ.

ಸೀಮೆಎಣ್ಣೆಯ ಸ್ಟೋವು, ಗ್ಯಾಸಿನ ಸಿಲಿಂಡರು, ಪಟಾಕಿಗಳನ್ನು ರೈಲಿನಲ್ಲಿ ಒಯ್ಯಲೇಬಾರದು. 2023ರ ಆಗಸ್ಟ್ 26ರಂದು ಮಧುರೆಯಲ್ಲಿ ಯಾತ್ರಿಕರಿದ್ದ ಬೋಗಿಯೊಂದಕ್ಕೆ ಬೆಂಕಿ ಬಿದ್ದು 9 ಮಂದಿ ಸತ್ತರು. ಅಡುಗೆಗೆಂದು ಕದ್ದು ತಂದಿದ್ದ ಸಿಲಿಂಡರೇ ಅದಕ್ಕೆ ಕಾರಣವೆಂದು ರೈಲ್ವೆಯವರು ತಿಳಿಸಿದರು. ಈ ಅಪರಾಧಕ್ಕೆ 3 ವರ್ಷದವರೆಗೆ ಸೆರೆವಾಸವುಂಟು.

8. ಬೆಲೆ ಮತ್ತು ಜೋಪಾನ

600 ರೂಪಾಯಿಯ ಚೀಲ ಒಂದೇ ವರ್ಷ ಬಾಳಿದರೆ ವರ್ಷದ ಖರ್ಚು 600 ರೂಪಾಯಿ. 1,800 ರೂಪಾಯಿಯದು ಆರು ವರ್ಷ ಬಾಳಿದರೆ ವರ್ಷಕ್ಕೆ 300 ರೂಪಾಯಿ ಮಾತ್ರ. ಆದರೆ ಬೆಲೆ ಹೆಚ್ಚಿದ್ದೆಲ್ಲ ಗಟ್ಟಿಯಲ್ಲ. ಮೇಲೆ ಹೇಳಿದ ಪರೀಕ್ಷೆಗಳೇ ನಿಮಗೆ ಸಾಕ್ಷಿ. ವರ್ಷಕ್ಕೊಮ್ಮೆ ದೇವರಿಗೆ ಹೋಗಿಬರುವವರು ಹೊಸದನ್ನು ಕೊಳ್ಳಲೇಬೇಕೆಂದಿಲ್ಲ. ಇರುವ ಚೀಲದ ಹಿಡಿಗೆ ಚಮ್ಮಾರರಿಂದ ಮೇಣದ ದಾರದ ಹೊಲಿಗೆ ಹಾಕಿಸಿದರೆ ಸಾಕು.

ಊರಿಗೆ ಬಂದ ಮೇಲೆ ಚೀಲವನ್ನು ಕೊಡವಿ ಗಾಳಿಗೆ ಆರಹಾಕಿ. ಗಾಲಿಗೆ ಸುತ್ತಿದ ಕೂದಲು, ನಾರು ತೆಗೆಯಿರಿ. ಜಿಪ್ಪಿಗೆ ಮೇಣದ ಬತ್ತಿ ಉಜ್ಜಿ. ಟ್ರಂಕಿನ ಕೀಲಿಗೆ ಎಣ್ಣೆ ಬಿಟ್ಟು, ಮಳೆಗಾಲದಲ್ಲಿ ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ ಇಡಿ.

ಹೊರಡುವ ಹಿಂದಿನ ದಿನ ಗಾಡಿಯ ಕೀಲು ನೋಡುವುದು ನಮ್ಮ ಹಿರಿಯರ ಪದ್ಧತಿ. ಚೀಲದ ಹಿಡಿಯನ್ನೂ ಹಾಗೆಯೇ ಒಮ್ಮೆ ಎಳೆದು ನೋಡಿ ಹೊರಡಿ. ಹೋದವರೆಲ್ಲರೂ ಸಾಮಾನು ಸಹಿತ ಸುಖವಾಗಿ ಮನೆ ಸೇರಲಿ.