ಜಾಲದ ಹೆಬ್ಬಾಗಿಲು

ಮೊಬೈಲಿನ ಜಾಲಕ್ಕೆ ಮುಖ್ಯವಾಗಿ ಎರಡು ಅಂಗಗಳುಂಟೆಂಬುದನ್ನು ನಮ್ಮ ವಾಚಕರು ಅರಿಯಬೇಕು. ಚಂದಾದಾರನನ್ನು ಗುರುತಿಸಿ, ಮಾತನ್ನು ದಾರಿಗೆ ಹಚ್ಚಿ, ಲೆಕ್ಕವಿಡುವುದು ಕೇಂದ್ರಜಾಲ. ಕೈಯಲ್ಲಿರುವ ಯಂತ್ರದೊಡನೆ ರೇಡಿಯೋ ತರಂಗಗಳ ಮೂಲಕ ವ್ಯವಹರಿಸಿ, ಆ ಮಾತನ್ನು ಕೇಂದ್ರಕ್ಕೆ ಮುಟ್ಟಿಸುವ ಗೋಪುರಗಳ ಆಂಟೆನಾ ಮತ್ತು ರೇಡಿಯೋ ಉಪಕರಣಗಳ ಸಮುದಾಯವೇ ಪ್ರವೇಶಜಾಲ. ಕೇಂದ್ರವು ಎಷ್ಟೇ ಸಮರ್ಥವಾಗಿರಲಿ, ಗೋಪುರವಿಲ್ಲದ ಹಳ್ಳಿಗೆ ಅದು ಇದ್ದೂ ಇಲ್ಲದಂತೆ.

ಈ ಉಪಕರಣಗಳಿಗಾಗಿ ನಾವು ಬಹುಕಾಲ ಪರದೇಶಗಳ ಮುಖ ನೋಡುತ್ತಿದ್ದೆವು. 2025ರ ಸೆಪ್ಟೆಂಬರ್ 27ರಂದು ಉದ್ಘಾಟಿತವಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದಲ್ಲಿ ಕೇಂದ್ರಜಾಲವು ಸಿ-ಡಾಟ್ ಸಂಸ್ಥೆಯ ಕೃತಿ. ಪ್ರವೇಶಜಾಲದ ರೇಡಿಯೋಗಳು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನವು. ಹೆಬ್ಬಾಗಿಲನ್ನು ನಾವೇ ಕಟ್ಟಿದೆವೆಂಬುದು ಸಂತೋಷವೇ ಸರಿ. ಅದು ಪ್ರತಿಯೊಂದು ಹಳ್ಳಿಗೂ ತೆರೆದಾಗಲೇ ಸ್ವಾವಲಂಬನವು ಸಾರ್ಥಕವೆಂದು ನಾವು ಭಾವಿಸುತ್ತೇವೆ.