ಟಿಪ್ಪುವಿನ ಪದಾತಿವಿಭಾಗಗಳೂ ಶಿವಮೊಗ್ಗೆಯ ಕಾಳಗವೂ
ಟಿಪ್ಪುಸುಲ್ತಾನನ ಕಾಲಾಳುಗಳ ಹಿರಿಯ ವಿಭಾಗಕ್ಕೆ ‘ಕಛೇರಿ’ಯೆಂದು ಹೆಸರು, ಈಗಿನ ಡಿವಿಜನ್ನಿಗೆ ಇದನ್ನು ಸ್ಥೂಲವಾಗಿ ಹೋಲಿಸಬಹುದು. ಅದರ ಅಧಿಪತಿಯು ಬಕ್ಷಿ. ಕಛೇರಿಯು ಕುಷೂನುಗಳಾಗಿಯೂ, ಕುಷೂನು ರಿಸಾಲೆಗಳಾಗಿಯೂ, ರಿಸಾಲೆಯು ಜೌಕಗಳಾಗಿಯೂ ವಿಭಕ್ತವಾಗಿದ್ದಿತು. ಕುಷೂನಿನ ನಾಯಕನು ಸಿಪಹದಾರನು. ಹೆಸರುಗಳು ಪಾರಸಿಯವಾದರೂ ಕವಾಯತು ಐರೋಪ್ಯ ಮಾದರಿಯದು.

ಈ ಕಾಲಾಳುಗಳ ಸತ್ತ್ವವು ಶಿವಮೊಗ್ಗೆಯಲ್ಲಿ ಪರೀಕ್ಷೆಗೊಳಗಾಯಿತು. ೧೭೯೧ನೆಯ ಡಿಸೆಂಬರಿನಲ್ಲಿ ಪರಶುರಾಮ ಭಾವುವಿನ ಮರಾಠರೂ ಕ್ಯಾಪ್ಟನ್ ಲಿಟಲನ ಮುಂಬಯಿ ಸಿಪಾಯಿಗಳೂ, ಈಗಿನ ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರನ್ನು ಹಿಡಿದು, ಇತ್ತ ಬಂದರು. ರೆಜಾಸಾಹೇಬನು ಕೋಟೆಯೊಳಗೆ ಅಡಗದೆ, ಒಂದು ಪಕ್ಕಕ್ಕೆ ತುಂಗೆಯನ್ನೂ ಇನ್ನೊಂದಕ್ಕೆ ದಟ್ಟಡವಿಯನ್ನೂ ಇಟ್ಟುಕೊಂಡು ಹೊರಗೆ ನಿಂತನು. ೨೯ರಂದು ಲಿಟಲನ ಸಿಪಾಯಿಗಳು ಹಲವು ಸಲ ಹಿಮ್ಮೆಟ್ಟಬೇಕಾಯಿತು. ಕೊನೆಗೆ ವ್ಯೂಹವು ಒಡೆಯಿತು. ೧೭೯೨ನೆಯ ಜನವರಿ ೩ರಂದು ಕೋಟೆಯು ಶರಣಾಯಿತು.

ಇದರ ವಿವರವು ನಮಗೆ ದೊರೆತಿರುವುದು ಗೆದ್ದವರಿಂದಲೇ. ಅಂದು ಗಾಯಗೊಂಡ ಲೆಫ್ಟಿನೆಂಟ್ ಮೂರನ ಗ್ರಂಥವು ೧೭೯೪ರಲ್ಲಿ ಪ್ರಕಟವಾಯಿತು. ಸೋತವರನ್ನು ಶಿಸ್ತಿಲ್ಲದ ಗುಂಪೆನ್ನುವುದು ಈ ಸಾಕ್ಷ್ಯಕ್ಕೆ ಒಪ್ಪುವುದಿಲ್ಲ.