ಲೈಸೆನ್ಸು ಸೊಂಟದಲ್ಲಿ, ಬೋರ್ಡು ಬಾಗಿಲಲ್ಲಿ!

ಪದ್ಮನಾಭನಗರದಲ್ಲಿ ಮದುವೆ ಸೀಸನ್ ಬಂತೆಂದರೆ ಬಸ್ಸಿನವರಿಗೇ ಮೊದಲು ಗೊತ್ತಾಗುತ್ತದೆ. ದೇವೇಗೌಡ ಪೆಟ್ರೋಲ್ ಬಂಕ್ ಸ್ಟಾಪಿನಿಂದ ಕದಿರೇನಹಳ್ಳಿ ಕ್ರಾಸ್ ಮುಟ್ಟುವಷ್ಟರಲ್ಲಿ ಕಂಡಕ್ಟರ್ ಎರಡು ಸಲ ಆಕಳಿಸಿರುತ್ತಾನೆ. ಛತ್ರದ ಮುಂದೆ ಕಾರಿನ ಸಾಲು, ಬಾಗಿಲಲ್ಲಿ ಬಾಳೆಕಂಬ, ಪನ್ನೀರು, ಕಲ್ಲುಸಕ್ಕರೆ. ಅದರ ಪಕ್ಕದಲ್ಲೇ ಯಾರೂ ಓದದ ಒಂದು ಬೋರ್ಡು: ಮದ್ಯ, ಸಿಗರೇಟು, ಆಯುಧ ಒಳಗೆ ತರಬಾರದು.

ಈಗ ಹೀಗೆ ಒಂದು ಸಂದರ್ಭ ಬಂತು ಅನ್ನಿ. ಚಿನ್ನದಂಗಡಿ ಯಜಮಾನರೊಬ್ಬರು ಅಂಗಡಿ ಬಾಗಿಲು ಹಾಕಿ ನೇರ ಆರತಕ್ಷತೆಗೆ ಬರುತ್ತಾರೆ. ಕೋಟಿನೊಳಗೆ ಪಿಸ್ತೂಲು. ರಾತ್ರಿ ಹೊತ್ತು ಹಣ, ಒಡವೆ ಓಡಾಡಿಸುವವರು, ಪ್ರಾಣಭಯ ಇರುತ್ತದೆ, ಅದು ಸುಳ್ಳಲ್ಲ. ಬಾಗಿಲಿನ ವಾಚ್‌ಮನ್ ಕಣ್ಣಿಗೆ ಉಬ್ಬು ಬೀಳುತ್ತದೆ.

‘ಇದನ್ನ ಒಳಗೆ ಬಿಡಂಗಿಲ್ಲ ಸ್ವಾಮಿ.’

‘ಲೈಸೆನ್ಸ್ ಐತಪ್ಪ. ಕಮಿಷನರ್ ಆಫೀಸಿಂದ ಕೊಟ್ಟಿರೋದು.’

ಇಬ್ಬರ ಮಾತೂ ನಿಜವೇ. ಹಾಗಾದರೆ ಯಾರ ಮಾತು ನಡೆಯಬೇಕು?

ಲೈಸೆನ್ಸು ಅಂದರೆ ಎಲ್ಲ ಬಾಗಿಲ ಬೀಗದಕೈ ಅಲ್ಲ

ಬೆಂಗಳೂರಿನಲ್ಲಿ ಬಂದೂಕಿನ ಲೈಸೆನ್ಸು ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು. ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ. ಆದರೆ ಲೈಸೆನ್ಸಿಗೆ ಷರತ್ತುಗಳೂ ಇವೆ. ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಕೂಟಕ್ಕೆ, ಶಾಲೆ-ಕಾಲೇಜು ಆವರಣಕ್ಕೆ ಆಯುಧ ಒಯ್ಯುವಂತಿಲ್ಲ. 2016ರ ನಿಯಮದಂತೆ ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಝಳಪಿಸಿದರೆ ತಪ್ಪು. ಷರತ್ತು ಮೀರಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೀಗರ ಮುಂದೆ ‘ನೋಡ್ರೀ ನಮ್ಮ ರಿವಾಲ್ವರ್’ ಎಂದು ಮೇಜಿನ ಮೇಲಿಡುವ ದೊಡ್ಡಸ್ತಿಕೆಯವರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಕರೆದವರಷ್ಟೇ ಬರುವ ಮದುವೆ ಸಾರ್ವಜನಿಕ ಕೂಟವೇ? ಇದು ವಕೀಲರ ಜಗಳ. ಅದು ಬಗೆಹರಿಯುವವರೆಗೆ ಛತ್ರದವರು ಕಾಯಬೇಕಿಲ್ಲ. ಜಾಗ ಅವರದು, ಬೇಡ ಅನ್ನುವ ಹಕ್ಕೂ ಅವರದು. ಹೊರಡಿ ಎಂದಮೇಲೂ ಹೆದರಿಸಲೆಂದೋ, ಅವಮಾನ ಮಾಡಲೆಂದೋ ನಿಂತರೆ ಅದು ಅತಿಕ್ರಮ ಪ್ರವೇಶ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ 329ನೇ ಕಲಂ ಇದೆ.

ದಿಲ್ಲಿಯ ಆ ರಾತ್ರಿ

‘ಲೈಸೆನ್ಸ್ ಇರೋರು ದೊಡ್ಡ ಮನುಷ್ಯರು, ಏನೂ ಆಗಲ್ಲ’ ಎನ್ನುವವರು 1999ರ ಏಪ್ರಿಲ್ ಕೊನೆಯ ಆ ರಾತ್ರಿಯನ್ನು ನೆನೆಯಲಿ. ದಿಲ್ಲಿಯ ಮೆಹ್ರೌಲಿಯಲ್ಲಿ ಒಂದು ಹೋಟೆಲಿನ ಪಾರ್ಟಿ. ಬಾರ್ ಮುಚ್ಚಿದೆ, ಇನ್ನು ಕುಡಿಯಲು ಕೊಡಲಾಗದು ಎಂದಿದ್ದೇ ಜೆಸ್ಸಿಕಾ ಲಾಲ್ ಎಂಬ ಹೆಣ್ಣುಮಗಳ ತಪ್ಪು. ಮಾಜಿ ಸಚಿವರ ಮಗನೊಬ್ಬ ಗುಂಡು ಹಾರಿಸಿದ. ಅವನ ಬಳಿ ಪಾಯಿಂಟ್ 22 ಪಿಸ್ತೂಲಿಗೆ ಲೈಸೆನ್ಸು ಇತ್ತು! 2006ರಲ್ಲಿ ಕೆಳಗಿನ ಕೋರ್ಟು ಬಿಟ್ಟಿತು. ದೇಶವೆಲ್ಲ ಛೀಮಾರಿ ಹಾಕಿತು. ಅದೇ ವರ್ಷ ಡಿಸೆಂಬರಿನಲ್ಲಿ ಹೈಕೋರ್ಟು ಜೀವಾವಧಿ ವಿಧಿಸಿತು, 2010ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

2016ರ ಡಿಸೆಂಬರಿನಲ್ಲಿ ಪಂಜಾಬಿನ ಭಟಿಂಡಾ ಕಡೆ ಮದುವೆಯೊಂದರಲ್ಲಿ ಗುಂಡು ಹಾರಿ, ವೇದಿಕೆ ಮೇಲೆ ಕುಣಿಯುತ್ತಿದ್ದ ಹುಡುಗಿ ಅಲ್ಲೇ ಸತ್ತಳು. ಇಂಥವು ಉತ್ತರದ ಕಡೆ ಮತ್ತೆ ಮತ್ತೆ ನಡೆದವು. 2019ರಲ್ಲಿ ಕಾಯ್ದೆ ತಿದ್ದಿದರು. ಮದುವೆ, ದೇವಸ್ಥಾನ, ಸಮಾರಂಭಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಪ್ರಾಣಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲೈಸೆನ್ಸು ಇದೆ ಎಂದು ರಿಯಾಯಿತಿ ಇಲ್ಲ.

ಒಂದಂಗುಲದ ಅಕ್ಷರ

ಬಂದೂಕು ಸಂಸ್ಕೃತಿಗೆ ಹೆಸರಾದ ಅಮೆರಿಕದ ಟೆಕ್ಸಾಸ್‌ನಲ್ಲೂ ಅಂಗಡಿಯವನ ಮಾತಿಗೆ ಬೆಲೆ ಇದೆ. ಅಲ್ಲಿ ಬೋರ್ಡಿನ ಮಾತು ಹೇಗಿರಬೇಕೆಂದು ಕಾನೂನೇ ಬರೆದುಕೊಟ್ಟಿದೆ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕನಿಷ್ಠ ಒಂದಂಗುಲ ಎತ್ತರ ಇರಬೇಕು, ಎದ್ದು ಕಾಣಬೇಕು. ಅಂಥ ಬೋರ್ಡು ದಾಟಿದರೆ ಲೈಸೆನ್ಸುದಾರನೂ ಅಪರಾಧಿ. ನಮ್ಮಲ್ಲಿ ಬೋರ್ಡಿನ ಮುಂದೆ ಹೂವಿನ ಕುಂಡ ಇಟ್ಟು ಮುಚ್ಚಿರುತ್ತಾರೆ, ಅಷ್ಟೇ ವ್ಯತ್ಯಾಸ.

ಚಪ್ಪಲಿ ಟೋಕನ್ನಿನಂತೆ ಆಗದು

‘ಸರಿ, ನೀನೇ ಇಟ್ಕೊಂಡಿರಪ್ಪ, ಊಟ ಮುಗಿಸಿ ಬಂದು ತಗೋತೀನಿ.’ ಯಜಮಾನರು ಹೀಗೆಂದರೆ? ಇಲ್ಲಿದೆ ನಿಜವಾದ ಗಂಡಾಂತರ. ಲೈಸೆನ್ಸು ಯಜಮಾನರ ಹೆಸರಲ್ಲಿದೆ, ವಾಚ್‌ಮನ್ ಹೆಸರಲ್ಲಿಲ್ಲ. ಲೈಸೆನ್ಸು ಇಲ್ಲದವನು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ದೊಡ್ಡವರ ಮಾತಿಗೆ ಇಲ್ಲ ಎನ್ನಲಾರದೆ ಡ್ರಾಯರಿಗೆ ಹಾಕಿಕೊಂಡ ಬಡವ ಕೇಸಿಗೆ ಸಿಕ್ಕಿಬೀಳುತ್ತಾನೆ. ಅವನ ಸಂಬಳ, ಹೆಂಡತಿ ಮಕ್ಕಳು, ಯಾರಿಗೆ ಬೇಕು?

ಕಾರಿನಲ್ಲಿ ಬಿಟ್ಟು ಬರುವುದೂ ಅಷ್ಟೇ. ಕೀ ಪಾರ್ಕಿಂಗ್ ಹುಡುಗನ ಕೈಲಿರುತ್ತದೆ. ಕಳುವಾದರೆ ತಡಮಾಡದೆ ಠಾಣೆಗೆ ತಿಳಿಸುವುದು ಲೈಸೆನ್ಸುದಾರನ ಕರ್ತವ್ಯ. ಮದುವೆ ಊಟ ಬಿಟ್ಟು ಠಾಣೆ ಬೆಂಚು ಕಾಯಿಸಬೇಕಾದೀತು.

ದಾರಿ ಸುಲಭ. ಅಂಗಡಿಯಿಂದ ಮನೆಗೆ ಹೋಗಿ, ಬೀರುವಿನಲ್ಲಿಟ್ಟು ಬೀಗ ಹಾಕಿ, ಆಮೇಲೆ ಛತ್ರಕ್ಕೆ ಬರುವುದು. 2023, 2024ರ ಚುನಾವಣೆ ಕಾಲದಲ್ಲಿ ಎಷ್ಟೋ ಲೈಸೆನ್ಸುದಾರರು ವಾರಗಟ್ಟಲೆ ಆಯುಧ ಠಾಣೆಗೆ ಒಪ್ಪಿಸಿ ಓಡಾಡಲಿಲ್ಲವೇ? ಒಂದು ಸಂಜೆ ಏನು ಮಹಾ!

ಛತ್ರದವರೂ ಬುಕಿಂಗ್ ರಸೀದಿಯಲ್ಲೇ ಈ ಷರತ್ತು ಅಚ್ಚು ಹಾಕಿಸಲಿ. ಬೋರ್ಡು ದೊಡ್ಡದಾಗಿ, ಕನ್ನಡದಲ್ಲಿ, ಬಾಗಿಲಿಗೆ ಎದುರಾಗಿ ಇರಲಿ. ಅತಿಥಿ ಹಟ ಹಿಡಿದರೆ ಮ್ಯಾನೇಜರೇ ಬಂದು ಮಾತಾಡಲಿ. ವಾಚ್‌ಮನ್ ಒಬ್ಬನನ್ನೇ ಮುಂದೆ ತಳ್ಳಿ ಹಿಂದೆ ನಿಲ್ಲುವುದು ಗಂಡಸ್ತನವಲ್ಲ. ಮಾತು ಮಿತಿಮೀರಿದರೆ ಕೈ ಹಾಕಬೇಡಿ, 112ಕ್ಕೆ ಫೋನ್ ಮಾಡಿ.

ಮದುವೆಮನೆಗೆ ಹೋಗುವವರ ಜೇಬಲ್ಲಿ ಮುಯ್ಯಿ ಕವರ್ ಇದ್ದರೆ ಸಾಕು. ಅದಕ್ಕೆ ಯಾವ ವಾಚ್‌ಮನ್ನೂ ತಡೆ ಹಾಕುವುದಿಲ್ಲ!